ಸಂಗ ಬದಲಾದಾಗ ಉಡಿಗೆ

(ಮಹೋತ್ಸವದ ಎರಡನೆಯ ದಿವಸ ಸಾಯಂಕಾಲದ ಧರ್ಮಸಭೆಯಲ್ಲಿ ಶ್ರೀಮಠದ ಪಾಠಶಾಲೆಯ ಶಾಸ್ತ್ರಿಗಳು ಮಾಡಿದ ಉಪನ್ಯಾಸ)

 

ಸಮಿತಿಯವರು ನನಗೆ ಕೊಟ್ಟ ವಿಷಯವು "ನಮ್ಮ ಸಂಸ್ಕೃತಿ" ಎಂಬದು. ಇದು ಬಹು ದೊಡ್ಡದು. ಒಂದು ತಾಸಿನಲ್ಲಿ ಇದರ ಅಂಚನ್ನು ಮುಟ್ಟುವದೂ ನನ್ನಂಥ ಅಲ್ಪಮತಿಗೆ ಸಾಧ್ಯವಿಲ್ಲ. ಆದಕಾರಣ ಅಂಚನ್ನೇ, ಅಂದರೆ ಸೀರೆಯ ಅಂಚು, ಧೋತರದ ಅಂಚುಗಳನ್ನೇ ಹಿಡಿದು ನಾಲ್ಕು ಮಾತು ಅರಿಕೆ ಮಾಡುವೆನು. ಮನುಷ್ಯನು ಒಂದು ಸಮಾಜವನ್ನು ಬಿಟ್ಟು ಇನ್ನೊಂದರಲ್ಲಿ ಸೇರುವಾಗ ಅವನ ಮೈಮೇಲಿನ ಬಟ್ಟೆ ಏನಾಗುವದು, ಏತಕ್ಕಾಗಿ ಆಗುವದು ಎಂಬದೇ ನನ್ನ ವಿಷಯ. ಇದನ್ನು ಆರಿಸಿಕೊಳ್ಳಲಿಕ್ಕೆ ಕಾರಣವೊಂದುಂಟು. ಅದನ್ನು ಮುಚ್ಚಿಡದೆ ಮೊದಲೇ ಹೇಳಿಬಿಡುವದು ಒಳ್ಳೆಯದು.

ನಾಳೆ ಪ್ರಾತಃಕಾಲ ಮುತ್ತೈದೆಯರ ಕುಂಭಮೆರವಣಿಗೆ ಇರುವದು ತಮಗೆಲ್ಲ ಗೊತ್ತಿದೆ. ಅದರ ಕರಪತ್ರದಲ್ಲಿ "ಇಳಕಲ್ಲ ಸೀರೆಯನ್ನುಟ್ಟ ತಾಯಂದಿರಿಗೆ ಮಾತ್ರ ಮುಂದಿನ ಸಾಲು" ಎಂದು ಒಂದು ವಾಕ್ಯವಿದೆ. ಅದನ್ನು ಬರೆದ ಕೈ ನನ್ನದೇ. ನೋಟಕ್ಕೆ ಚೆಲುವಾಗಲಿ, ಹಳೆಯ ಪದ್ಧತಿ ಉಳಿಯಲಿ ಎಂಬ ಸದುದ್ದೇಶದಿಂದಲೇ ಬರೆದೆನು. ನಿನ್ನೆ ಮಧ್ಯಾಹ್ನ ದಾಸೋಹದ ಅಡಿಗೆಮನೆಯ ಹಿಂದೆ ರೊಟ್ಟಿ ಬಡಿಯಲಿಕ್ಕೆ ಬಂದ ತಾಯಿಯೊಬ್ಬಳು ನನ್ನನ್ನು ತಡೆದು ನಿಲ್ಲಿಸಿದಳು. ಆಕೆಯ ಹೆಸರು ಊರು ಹೇಳಲಾರೆನು. ಮಾತನ್ನು ಹೇಳಲಿಕ್ಕೆ ಆಕೆಯ ಅಪ್ಪಣೆ ಪಡೆದಿದ್ದೇನೆ.

"ಶಾಸ್ತ್ರಿಗಳ, ನನ್ನ ಕಡೆ ಇಳಕಲ್ಲ ಸೀರಿ ಇಲ್ಲರಿ. ಇದ್ದದ್ದೊಂದು ಮಗಳ ಲಗ್ನದಾಗ ಆಕಿಗೇ ಕೊಟ್ಟೆ. ಕುಂಭ ಹೊರಬೇಕಂತ ಹರಕಿ ಹೊತ್ತೇನಿ. ಹಿಂದಿನ ಸಾಲಿನಾಗ ನಿಂತರ ಹರಕಿ ಮುಟ್ಟತೈತಿಲ್ಲರಿ?" ಎಂದು ಕೇಳಿದಳು.

"ಯಾರ ಹತ್ತಿರವಾದರೂ ಕೇಳಿ ಉಟ್ಟುಕೊಂಡು ಬಾ ತಂಗೀ" ಎಂದು ನಾನು ಸಹಜವಾಗಿ ಅಂದೆನು.

ಆಕೆಯು ಕೈಯೊಳಗಿನ ಹಿಟ್ಟನ್ನು ಕೊಡವಿಕೊಳ್ಳುತ್ತ ಅಂದಳು: "ಅದು ಹ್ಯಾಂಗರ ಆಗಲಿರಿ. ಇನ್ನೊಂದು ಮಾತು ಬಾಳ ದಿನದಿಂದ ಮನಸಿನಾಗೈತಿ, ಸಿಟ್ಟಾಗಬ್ಯಾಡ್ರಿ. ಮ್ಯಾಲೆ ಒಂದು ಶ್ರಾವಣದಾಗ ನೀವು ಪುರಾಣ ಹೇಳುವಾಗ, ಸೀರಿ ಮ್ಯಾಲ ಗಂಡನ ಅಂಗಿ ತೊಟ್ಟ ಹೆಣ್ಣಮಕ್ಕಳ ಮಾತು ತಗದು ಮಂದೀನ್ನ ನಗಸಿದ್ರಿ. ನಾ ಮಂಗಳೂರಿಂದ ಆಗಷ್ಟ ಬಂದಿದ್ದೆ. ಎಲ್ಲಾರೂ ನಕ್ಕರು, ನಾನೂ ನಕ್ಕೆ. ಮನಿಗೆ ಹೋಗಿ ಉಣ್ಣಲಿಲ್ಲ."

ಮಹನೀಯರೇ, ಆ ಪ್ರವಚನವು ನನಗೆ ಚೆನ್ನಾಗಿ ನೆನಪಿದೆ. ಜನರು ನಕ್ಕದ್ದೂ ನೆನಪಿದೆ, ಅದರಿಂದ ನಾನು ಉಬ್ಬಿದ್ದೂ ನೆನಪಿದೆ. ಒಂದು ಮಾತಿನಿಂದ ನಾಲ್ಕುನೂರು ಜನ ನಕ್ಕರೆ ಪುರಾಣಿಕನಿಗೆ ಅದಕ್ಕಿಂತ ಸುಖವಿಲ್ಲ. ನಕ್ಕವರೊಳಗೆ ಒಬ್ಬಳು ಉಪವಾಸ ಮಲಗಿದಳೆಂಬದು ನನಗೆ ತಿಳಿಯಲಿಕ್ಕೆ ಹನ್ನೆರಡು ವರ್ಷ ಹಿಡಿಯಿತು. ಆದುದರಿಂದ ಇಂದಿನ ಈ ಉಪನ್ಯಾಸವು ಒಂದರ್ಥದಿಂದ ಅಂದಿನ ಪ್ರವಚನದ ತಿದ್ದುಪಡಿಯೆಂದು ತಾವು ತಿಳಿಯಬೇಕು.

ನಿನ್ನೆ ಆಕೆಯನ್ನು ಅಲ್ಲಿಯೇ ಕಟ್ಟೆಯ ಮೇಲೆ ಕೂಡ್ರಿಸಿ, ಆ ಅಂಗಿಯ ವಿಚಾರವನ್ನು ಪೂರ್ತಿ ಕೇಳಿದೆನು. ನಮ್ಮ ಈ ಎರೆಯ ಸೀಮೆಯ ಸ್ಥಿತಿ ತಮಗೆ ನಾನು ಹೇಳಬೇಕಾಗಿಲ್ಲ. ಮಳೆ ಹಿಡಿದರೆ ಜೋಳ, ಕಡಲೆ, ಹತ್ತಿ. ಮಳೆ ಹೋದರೆ ಗುಳೆ. ರೋಣ ಗಜೇಂದ್ರಗಡಗಳ ಬಸ್ಸಿನ ನಿಲ್ದಾಣದಲ್ಲಿ ರಾತ್ರಿಯ ವೇಳೆ ಗೋವೆಗೂ ಮಂಗಳೂರಿಗೂ ಹೊರಟ ಗಾಡಿಗಳ ಮುಂದೆ ಗಂಟುಮೂಟೆ ಇಟ್ಟುಕೊಂಡು ಕುಳಿತ ಕುಟುಂಬಗಳನ್ನು ತಾವು ನೋಡಿದ್ದೀರಿ. ಅಲ್ಲಿ ಹೋಗಿ ಅವರು ಮಾಡುವದು ಬಹುತರವಾಗಿ ಕಟ್ಟಡದ ಕೆಲಸ, ರಸ್ತೆಯ ಕೆಲಸ. ಹೆಣ್ಣುಮಗಳ ಪಾಲಿಗೆ ಬರುವದು ಉಸುಕು, ಇಟ್ಟಿಗೆ, ಕಲಸಿದ ಸಿಮೆಂಟುಗಳನ್ನು ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತು ಮೇಲಿನ ಅಂತಸ್ತಿಗೆ ಏರಿಸುವದು. ಎರಡೂ ಕೈ ಬುಟ್ಟಿಯ ಮೇಲೆ ಇರುತ್ತವೆ. ಆಗ ಸೆರಗು ಜಾರಿದರೆ ಸರಿಪಡಿಸಿಕೊಳ್ಳಲಿಕ್ಕೆ ಮೂರನೆಯ ಕೈ ಇಲ್ಲ. ಕೆಳಗೆ ನಿಂತವರು ಪರಪುರುಷರು, ನಮ್ಮ ಭಾಷೆಯನ್ನೂ ಅರಿಯದವರು. ಹೊಲದಲ್ಲಿಯೂ ಆಕೆ ಬುಟ್ಟಿ ಹೊತ್ತವಳೇ. ಆದರೆ ಹೊಲದಲ್ಲಿ ಇರುವವರು ಅಣ್ಣ, ಮಾವ, ಮೈದುನ. ಅವರು ಮುಖ ತಿರುಗಿಸುವರು. ಅಲ್ಲಿ ಯಾರೂ ಮುಖ ತಿರುಗಿಸುವದಿಲ್ಲ. ಅಲ್ಲದೆ ಸಿಮೆಂಟಿನ ನೀರು ತೋಳ ಮೇಲೆ ಇಳಿದರೆ ಚರ್ಮ ಸುಡುವದು, ಕರಾವಳಿಯ ಬೆವರಿನಲ್ಲಿ ಅದು ಹುಣ್ಣಾಗುವದು. ಸೆರಗಿನ ತುದಿಯು ಮೊಳೆಗೋ ಕಬ್ಬಿಣದ ಸರಳಿಗೋ ಸಿಕ್ಕಿದರೆ ಮೇಲಿನಿಂದ ಬೀಳುವ ಭಯ ಬೇರೆ. ಇದಕ್ಕೆಲ್ಲ ಉಪಾಯವೆಂದು ಗಂಡನ ಉದ್ದ ತೋಳಿನ ಹಳೆಯ ಅಂಗಿಯನ್ನು ಸೀರೆಯ ಮೇಲೆ ತೊಟ್ಟು ಗುಂಡಿ ಹಾಕಿಕೊಂಡುಬಿಡುವರು. ಸೆರಗು ಒಳಗೆ ಭದ್ರವಾಗಿ ನಿಲ್ಲುವದು, ತೋಳು ಉಳಿಯುವದು, ಮಾನವೂ ಉಳಿಯುವದು. ಇಂಥ ಅಂಗಿಯನ್ನು ನಮ್ಮ ಹೆಣ್ಣುಮಕ್ಕಳಷ್ಟೇ ಅಲ್ಲ, ಭಾರತದ ಅನೇಕ ಪ್ರಾಂತಗಳಲ್ಲಿ ಕೂಲಿಯ ಸ್ತ್ರೀಯರು ತೊಡುವರು. ಯಾರೂ ಅವರಿಗೆ ಕಲಿಸಲಿಲ್ಲ.

ಇದನ್ನೇ ನಾನು ಅಂದು "ಸ್ತ್ರೀಧರ್ಮ ಬಿಟ್ಟವರ ವೇಷ" ಎಂದು ವರ್ಣಿಸಿದ್ದೆನು. ಮಾನಕ್ಕಾಗಿ ತೊಟ್ಟದ್ದನ್ನು ಮಾನಗೇಡಿತನವೆಂದೆನು. ಶಾಸ್ತ್ರ ಓದಿದವನಿಗೆ ಇಷ್ಟು ಕಾಣದೆ ಹೋದದ್ದು ಯಾಕೆ? ನಾನು ಬುಟ್ಟಿ ಹೊತ್ತಿರಲಿಲ್ಲ, ಅಷ್ಟೇ.

ಗಂಡಸರ ಸಂಗತಿ ಬೇರೆ ತರಹದ್ದು. ಗುಳೆ ಹೋದ ಗಂಡಸು ಮೊದಲು ಬಿಡುವದು ತಲೆಯ ಪಟಕವನ್ನು, ಬಳಿಕ ಧೋತರವನ್ನು. ಗೋವೆಯಲ್ಲಿ ನಮ್ಮವರನ್ನು ಘಟ್ಟದ ಮೇಲಿನವರೆಂದು ಹಂಗಿಸಿ ಕರೆಯುವ ಒಂದು ಮಾತುಂಟು. ಪಟಕ ಕಂಡ ಕೂಡಲೆ ಆ ಮಾತು ಬಾಯಿಗೆ ಬರುವದೆಂದು ಹೋಗಿಬಂದವರು ಹೇಳುವರು. ಪಟಕವಿಲ್ಲದವನಿಗೆ ಬಾಡಿಗೆಯ ಕೋಣೆ ಬೇಗ ಸಿಗುವದಂತೆ. ಯುಗಾದಿಗೋ ಜಾತ್ರೆಗೋ ಊರಿಗೆ ಬರುವಾಗ ಅದೇ ಮನುಷ್ಯನು ಪ್ಯಾಂಟು ತೊಟ್ಟು ಬಸ್ಸಿನಿಂದ ಇಳಿಯುವನು. ಮರುದಿನ ಗುಡಿಗೆ ಹೋಗುವಾಗ ತಂದೆಯ ಧೋತರ ಉಡುವನು. ಆದರೆ ಪಟಕ ಸುತ್ತುವದು ಅವನಿಗೆ ಮರೆತುಹೋಗಿರುವದು. ಮುದುಕರು ಸುತ್ತಿಕೊಡಬೇಕು.

ಮರೆಯುವ ಮಾತು ಬಂದದ್ದರಿಂದ ನನ್ನದೇ ಒಂದು ಕಥೆಯನ್ನು ಹೇಳುವೆನು. ನಾನು ರೋಣ ತಾಲೂಕಿನ ಒಕ್ಕಲು ಮನೆಯ ಹುಡುಗ. ನಮ್ಮ ತಂದೆ ಕಂಬಳಿ, ಧೋತರ, ಕೆಂಪು ಪಟಕದವರು. ನಾನು ಚಡ್ಡಿ ಅಂಗಿಯಲ್ಲಿ ಬೆಳೆದವನು. ಹನ್ನೆರಡನೆಯ ವಯಸ್ಸಿನಲ್ಲಿ ಒಂದು ಮಠದ ಸಂಸ್ಕೃತ ಪಾಠಶಾಲೆಗೆ ಸೇರಿಸಿದರು. ಮೊದಲನೆಯ ದಿವಸವೇ ಚಡ್ಡಿ ಹೋಗಿ ಬಿಳಿಯ ಪಂಚೆ, ಹೆಗಲಿಗೊಂದು ವಸ್ತ್ರ ಬಂದವು. ಪಂಚೆ ನಿಲ್ಲದೆ ಜಾರುತ್ತಿತ್ತು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ರಘುವಂಶ ಹೇಳಿಸಿಕೊಂಡೆನು. ಮೂರು ತಿಂಗಳಲ್ಲಿ ಅದು ಮೈಗೆ ಹೊಂದಿತು. ಆರು ತಿಂಗಳಿಗೆ ನನಗೆ ಚಡ್ಡಿಯ ಹುಡುಗರು ಕೀಳಾಗಿ ಕಾಣಹತ್ತಿದರು. ಇದನ್ನು ನಾನು ನಾಚಿಕೆಯಿಂದಲೇ ಹೇಳುವೆನು. ಬಟ್ಟೆಯು ಮೊದಲು ಮೈಯನ್ನು ಬದಲಿಸಲಿಲ್ಲ, ಕಣ್ಣನ್ನು ಬದಲಿಸಿತು.

ರಜೆಗೆ ಊರಿಗೆ ಹೋದರೆ ಗೆಳೆಯರು "ಅಯ್ಯ ಬಂದ, ಅಯ್ಯ ಬಂದ" ಎಂದು ಬೆನ್ನು ಹತ್ತುವರು. ಅದಕ್ಕಾಗಿ ನಾನೊಂದು ಯುಕ್ತಿ ಮಾಡಿದೆನು. ಚೀಲದಲ್ಲಿ ಹಳೆಯ ಚಡ್ಡಿಯನ್ನು ಇಟ್ಟುಕೊಂಡಿರುವದು. ಊರ ಹೊರಗಿನ ಹಳ್ಳದಲ್ಲಿ ಇಳಿದು, ಜಾಲಿಯ ಮರೆಯಲ್ಲಿ ಪಂಚೆ ಬಿಚ್ಚಿ ಚಡ್ಡಿ ಏರಿಸುವದು. ಮರಳಿ ಹೋಗುವಾಗ ಅಲ್ಲಿಯೇ ಚಡ್ಡಿ ಬಿಚ್ಚಿ ಪಂಚೆ ಉಡುವದು. ಎರಡು ವರ್ಷ ಹೀಗೆ ನಡೆಯಿತು. ಒಮ್ಮೆ ನಮ್ಮ ತಾಯಿ ಬಟ್ಟೆ ಒಗೆಯಲಿಕ್ಕೆ ಅದೇ ಹಳ್ಳಕ್ಕೆ ಬಂದವಳು ನೋಡಿಬಿಟ್ಟಳು. ಬಯ್ಯಲಿಲ್ಲ. "ಎರಡೂ ನಾನs ಒಗಿಯೂದು, ಎದಕ್ಕ ಮುಚ್ಚತೀಯೋ" ಎಂದಳು. ಅಂದಿನಿಂದ ಹಳ್ಳದಲ್ಲಿ ಇಳಿಯುವದನ್ನು ಬಿಟ್ಟೆನು.

ಮುಂದೆ ಮೂವತ್ತೊಂದನೆಯ ವಯಸ್ಸಿನಲ್ಲಿ ಪಾಠಶಾಲೆಯ ಒಂದು ಕಾಗದದ ಕೆಲಸಕ್ಕಾಗಿ ದೊಡ್ಡ ಪಟ್ಟಣದ ಒಂದು ಕಚೇರಿಗೆ ಹೋಗಿದ್ದೆನು. ಧೋತರ, ಶಲ್ಯ, ಹಣೆಯ ಮೇಲೆ ವಿಭೂತಿ. ಜವಾನನು ನೋಡಿ "ಭಿಕ್ಷಾ ಹೊರಗ" ಎಂದನು. ನನಗಿಂತ ಹಿಂದೆ ಬಂದ, ಪ್ಯಾಂಟು ತೊಟ್ಟ ಇಬ್ಬರು ನನ್ನೆದುರಿಗೇ ಒಳಗೆ ಹೋದರು. ಆ ಸಾಯಂಕಾಲವೇ ದರ್ಜಿಯ ಹತ್ತಿರ ಹೋಗಿ ಪ್ಯಾಂಟಿಗೆ ಅಳತೆ ಕೊಟ್ಟೆನು. ಹೊಲಿದು ಬಂತು. ಒಂದೇ ಸಾರೆ ತೊಟ್ಟೆನು. ಪದ್ಮಾಸನ ಹಾಕಿ ಕೂಡ್ರಲಿಕ್ಕೆ ಹೋದಾಗ ನಡುವೆ ಹರಿಯಿತು. ತಾವು ನಗುವದು ಸರಿಯೇ. ಈ ಸಾರೆ ನಗೆ ನನ್ನ ಮೇಲಿದೆ. ಆದರೆ ಇಷ್ಟನ್ನು ಲಕ್ಷ್ಯದಲ್ಲಿಡಬೇಕು: ನನಗೆ ಮರಳಿ ಬರಲಿಕ್ಕೆ ಮಠವಿತ್ತು. ಇಲ್ಲಿ ಧೋತರಕ್ಕೆ ಮನ್ನಣೆಯುಂಟು. ಹಾಗೆ ಮರಳುವ ನೆಲೆ ಇಲ್ಲದವನು ಪ್ಯಾಂಟನ್ನು ಮತ್ತೆ ಹೊಲಿಸಿಕೊಂಡು ತೊಡುವನು. ಅವನನ್ನು ದೂಷಿಸಲಿಕ್ಕೆ ನನಗೆ ಅಧಿಕಾರವಿಲ್ಲ.

ಈಗ ಸ್ವಲ್ಪ ಹಿಂದಿನ ಕಾಲಕ್ಕೆ ಹೋಗೋಣ. ಹನ್ನೆರಡನೆಯ ಶತಮಾನದ ಕಲ್ಯಾಣವೆಂದರೆ ಹೊಸ ಸಮಾಜವೊಂದು ಹುಟ್ಟಿದ ಸ್ಥಳ. ನಾನಾ ಕಸುಬಿನವರು, ನಾನಾ ಸೀಮೆಯವರು ಅಲ್ಲಿ ಕೂಡಿದರು. ಬಟ್ಟೆಯ ಕಾಯಕದವರೇ ಎಷ್ಟು ಜನರೆಂದು ನೋಡಿರಿ. ನೇಯುವ ದಾಸಿಮಯ್ಯನವರನ್ನು ಶರಣಪರಂಪರೆಯು ತನ್ನ ಹಿರಿಯರಲ್ಲಿ ಎಣಿಸುವದು. ಹೊಲಿಯುವ ಸೂಜಿಕಾಯಕದ ರಾಮಿತಂದೆ, ಒಗೆಯುವ ಮಡಿವಾಳ ಮಾಚಿದೇವರು ಇವರೆಲ್ಲರ ವಚನಗಳು ನಮಗೆ ದೊರೆತಿವೆ. ಮಗ್ಗದಿಂದ ಹಿಡಿದು ಮಡಿಯ ಗಂಟಿನವರೆಗೆ ಎಲ್ಲ ಕೈಗಳೂ ಅಲ್ಲಿದ್ದವು. ಆದರೂ ಎಲ್ಲರೂ ಒಂದೇ ತರಹದ ಬಟ್ಟೆಯನ್ನು ಉಡಬೇಕೆಂಬ ಕಟ್ಟಳೆಯು ನನ್ನ ಓದಿನಲ್ಲಿ ಎಲ್ಲಿಯೂ ಸಿಕ್ಕಿಲ್ಲ. ಅಂಗದ ಮೇಲೆ ಲಿಂಗ, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಇವು ಸಮಾನ. ಉಳಿದದ್ದು ಅವರವರ ಕಾಯಕಕ್ಕೆ ತಕ್ಕಂತೆ. ಬರಿಯ ವೇಷವನ್ನು ಕುರಿತು ಶರಣರು ಎಷ್ಟು ಕಠೋರವಾಗಿ ಮಾತಾಡಿದ್ದಾರೆಂಬದು ತಮಗೆ ತಿಳಿದ ವಿಷಯವೇ.

ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದ ಪ್ರಸಂಗವನ್ನು ಮಾತ್ರ ಇಲ್ಲಿ ನೆನೆಯದೆ ಇರಲಾರೆನು. ಉಡುತಡಿಯನ್ನು ಬಿಟ್ಟು, ಉಡಿಗೆಯನ್ನೂ ಬಿಟ್ಟು, ಕೂದಲನ್ನೇ ಮರೆಮಾಡಿಕೊಂಡು ಬಂದವಳಿಗೆ ಅನುಭವಮಂಟಪದಲ್ಲಿ ಪ್ರಭುದೇವರಿಂದ ಪ್ರಶ್ನೆ ಬಂತು. ಬಟ್ಟೆ ಬಿಟ್ಟ ಮೇಲೆ ಕೂದಲಿನ ಮರೆಯೇತಕ್ಕೆ ಎಂಬ ಅರ್ಥದ ಕಠಿಣ ಪ್ರಶ್ನೆಯದು. ಶೂನ್ಯಸಂಪಾದನೆಯಲ್ಲಿ ಈ ಸಂವಾದವು ವಿಸ್ತಾರವಾಗಿ ಬಂದಿದೆ. ಹೊಸ ಸಂಗದಲ್ಲಿ ಕಾಲಿಡುವವಳನ್ನು ಮೊದಲು ಕೇಳಿದ್ದು ಆಕೆಯ ಮೈಮೇಲಿನದನ್ನು ಕುರಿತೇ. ಆದರೆ ಉತ್ತರ ಕೇಳಿದ ಬಳಿಕ ಆ ಸಭೆಯು ಆಕೆಯನ್ನು ಹೇಗೆ ಬಂದಳೋ ಹಾಗೆಯೇ ಒಳಗೆ ಕರೆದುಕೊಂಡಿತು. ಒಂದು ಸೀರೆ ಉಟ್ಟು ಬಾ ಎಂದು ಯಾರೂ ಅನ್ನಲಿಲ್ಲ. ನಿನ್ನೆ ಆ ತಾಯಿಗೆ ನಾನು ಅಂದದ್ದು ಅದನ್ನೇ.

ನಮ್ಮ ಹತ್ತಿರದ ಕಾಲಕ್ಕೆ ಬಂದರೆ ಧಾರವಾಡದ ವಿದ್ಯೆಯ ಮಾತು ಬರುವದು. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಹುಟ್ಟಿತು; 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆ, 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ನಡೆಯಹತ್ತಿದವು. ಒಕ್ಕಲು ಮನೆಯ ಹುಡುಗರು ಕಲಿಯಲಿಕ್ಕೆ ಹೋದರು, ಶಿಕ್ಷಕರಾದರು, ವಕೀಲರಾದರು. ಆ ಕಾಲದ ಹಿರಿಯರ ಚಿತ್ರಪಟಗಳು ನಮ್ಮ ಮಠಗಳ ಪಡಸಾಲೆಯಲ್ಲಿಯೂ ತೂಗುತ್ತಿವೆ. ಅವುಗಳನ್ನು ಲಕ್ಷ್ಯವಿಟ್ಟು ನೋಡಿರಿ. ಕೆಳಗೆ ಧೋತರ, ಮೇಲೆ ಇಂಗ್ಲಿಷ್ ತರಹದ ಕೋಟು, ತಲೆಗೆ ರುಮಾಲು. ನಡುವಿನ ಮೈಯನ್ನಷ್ಟೇ ಕಚೇರಿಗೆ ಕೊಟ್ಟು, ತಲೆಯನ್ನೂ ಕಾಲನ್ನೂ ಮನೆಗೆ ಇಟ್ಟುಕೊಂಡಿದ್ದರು. ಹೊಸ ಸಂಗದ ಬಟ್ಟೆ ಒಮ್ಮೆಲೇ ಪೂರ್ತಿಯಾಗಿ ಬರುವದಿಲ್ಲ. ಹಳೆಯ ಸಂಗದ ಒಂದು ತುಂಡು ಅದಕ್ಕೆ ಅಂಟಿಕೊಂಡೇ ಇರುವದು.

ಇಂದು ನಮ್ಮ ಮನೆಗಳಲ್ಲಿಯೂ ಇದನ್ನೇ ಕಾಣಬಹುದು. "ನೈಟಿ" ಎಂಬ ಉಡುಪು ಹೆಸರಿನಿಂದ ರಾತ್ರಿಯದು, ಬಳಕೆಯಿಂದ ಹಗಲಿನದು. ಆದರೆ ನಮ್ಮ ಸೊಸೆಯಂದಿರು ಅದನ್ನು ತೊಟ್ಟು ಬಾಗಿಲಿಗೆ ಬರುವಾಗ ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ಬರುವರು. ಮಾವನು ಎದುರಾದರೆ ಅದನ್ನೇ ತಲೆಯ ಮೇಲೆ ಎಳೆದುಕೊಳ್ಳುವರು. ಸೆರಗು ಹೋಗಿಲ್ಲ, ಟವೆಲ್ ಆಗಿದೆ. ಕೂಲಿಯ ತಾಯಿಯ ಅಂಗಿಯೂ ಇದೇ ಜಾತಿಯದು. ಆ ಶ್ರಾವಣದಲ್ಲಿ ನೈಟಿಯನ್ನೂ ನಾನು ಬಿಟ್ಟಿರಲಿಲ್ಲ; ಆ ಭಾಗವನ್ನೂ ಇಂದು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ವಚನಪಿತಾಮಹ ಫ. ಗು. ಹಳಕಟ್ಟಿಯವರು (1880-1964) ವಿಜಯಪುರದಲ್ಲಿ ವಕೀಲರಾಗಿದ್ದವರು. ಕೋಟು ಅವರ ವೃತ್ತಿಯ ಉಡುಪು. ಗಳಿಸಿದ್ದೆಲ್ಲವೂ ವಚನಗಳ ಮುದ್ರಣಕ್ಕೂ 1926ರಲ್ಲಿ ಆರಂಭಿಸಿದ "ಶಿವಾನುಭವ" ಪತ್ರಿಕೆಗೂ ಹೋದದ್ದರಿಂದ, ಆ ಕೋಟು ಹರಿದು ತೇಪೆ ಬಿದ್ದರೂ ಅದನ್ನೇ ತೊಟ್ಟು ತಿರುಗಿದರೆಂದು ಹಿರಿಯರು ಹೇಳುವರು. ಹರಿದ ಕೋಟಿನಿಂದ ಅವರ ಗೌರವ ಕುಂದಲಿಲ್ಲ. ಅದರಂತೆಯೇ ಮಹಾತ್ಮಾ ಗಾಂಧಿಯವರು 1921ರ ಸೆಪ್ಟೆಂಬರದಲ್ಲಿ ಮಧುರೆಯಲ್ಲಿ ಅಂಗಿ ಟೊಪ್ಪಿಗೆಗಳನ್ನು ಬಿಟ್ಟು ಮೊಳಕಾಲ ಮೇಲಿನ ಪಂಚೆಯನ್ನು ಉಟ್ಟರು. 1931ರಲ್ಲಿ ಲಂಡನ್ನಿನ ಅರಮನೆಗೆ ಚಕ್ರವರ್ತಿಯ ಆಮಂತ್ರಣದ ಮೇರೆಗೆ ಹೋಗುವಾಗಲೂ ಅದನ್ನೇ ಉಟ್ಟು ಹೋದರು. ಇವು ದೊಡ್ಡವರ ದೃಷ್ಟಾಂತಗಳು. ಪ್ರವಚನದಲ್ಲಿ ನಾವು ಇವನ್ನೇ ಹೇಳುವೆವು. ಆದರೆ ಒಂದನ್ನು ಹೇಳದೆ ಬಿಡುವೆವು. ದೊಡ್ಡವನ ಹರಿದ ಕೋಟು ತ್ಯಾಗವೆನಿಸುವದು, ಬಡವನ ಹರಿದ ಕೋಟು ದಾರಿದ್ರ್ಯವೆನಿಸುವದು. ಬಟ್ಟೆಯನ್ನು ಬಿಡುವ ಸ್ವಾತಂತ್ರ್ಯವು ಬಟ್ಟೆ ಇದ್ದವರಿಗೆ ಮಾತ್ರ ಇರುವದು. ಡಾಕ್ಟರ್ ಅಂಬೇಡಕರರು ಜೀವಮಾನದಲ್ಲಿ ಬಹುಕಾಲ ಕೋಟು ಬೂಟುಗಳಲ್ಲಿಯೇ ಜನರೆದುರು ನಿಂತದ್ದನ್ನು ಕೆಲವರು ಅನುಕರಣವೆಂದರು. ಚಾವಡಿಯ ಮುಂದೆ ಮೆಟ್ಟು ಕೈಯಲ್ಲಿ ಹಿಡಿದು ಹೋಗಬೇಕಾಗಿದ್ದ ಜನರ ಮಗನಿಗೆ ಬೂಟು ಎಂದರೆ ಏನೆಂಬದನ್ನು ಹಾಗೆ ಅಂದವರು ಯೋಚಿಸಲಿಲ್ಲ. ತಿರುವಾಂಕೂರಿನಲ್ಲಿ ನಾಡಾರ ಹೆಣ್ಣುಮಕ್ಕಳು ಎದೆಯ ಮೇಲೆ ವಸ್ತ್ರ ಹೊದೆಯುವ ಅಧಿಕಾರಕ್ಕಾಗಿ ದಶಕಗಟ್ಟಲೆ ಬಡಿದಾಡಬೇಕಾಯಿತು; 1859ರಲ್ಲಿ ಅರಸರ ಆಜ್ಞೆ ಹೊರಟಿತು. ಅದೂ ಮೇಲ್ಜಾತಿಯವರಂತೆ ಉಡಬಾರದೆಂಬ ಕಟ್ಟಿನೊಡನೆ.

ಸ್ತ್ರೀಯರ ಉಡಿಗೆ ಬದಲಾದ ಇನ್ನೊಂದು ವೃತ್ತಾಂತವು ಕೇಳತಕ್ಕದ್ದಾಗಿದೆ. ಇಂದು ಸುಶಿಕ್ಷಿತ ಸ್ತ್ರೀಯರು ದೇಶದ ತುಂಬ ನಿರಿಗೆಯನ್ನು ಮುಂದೆ ಹಿಡಿದು, ಸೆರಗನ್ನು ಎಡ ಹೆಗಲ ಮೇಲೆ ಇಳಿಬಿಟ್ಟು, ಒಳಗೆ ಲಂಗ ಮೇಲೆ ಜಂಪರು ತೊಟ್ಟು ಸೀರೆ ಉಡುವರಷ್ಟೆ. ಈ ರೀತಿಯು ಹರಡುವದಕ್ಕೆ ಕಾರಣರಾದವರಲ್ಲಿ ಬಂಗಾಲದ ಜ್ಞಾನದಾನಂದಿನೀ ದೇವಿಯವರು ಒಬ್ಬರು. ಕವಿ ರವೀಂದ್ರರ ಅತ್ತಿಗೆ. ಅವರ ಪತಿ ಸತ್ಯೇಂದ್ರನಾಥ ಠಾಕೂರರು ಮುಂಬಯಿ ಇಲಾಖೆಯಲ್ಲಿ ಅಧಿಕಾರಿಗಳು, ಮುಂದೆ ನಮ್ಮ ಕಾರವಾರದಲ್ಲಿಯೂ ನ್ಯಾಯಾಧೀಶರಾಗಿದ್ದರು. ಆ ಕಾಲದ ಬಂಗಾಲದ ಕುಲೀನ ಸ್ತ್ರೀಯು ಮನೆಯ ಒಳಗೆ ಉಡುತ್ತಿದ್ದ ಒಂಟಿ ತೆಳು ಸೀರೆಯಲ್ಲಿ ಹೊರಗೆ ಬರುವಂತಿರಲಿಲ್ಲ. 1864ರಲ್ಲಿ ಮುಂಬಯಿಗೆ ಬಂದ ಆ ತಾಯಿಯು ಪಾರಸಿ ಸ್ತ್ರೀಯರನ್ನು ನೋಡಿ, ಅವರ ರೀತಿಯನ್ನು ತಮಗೆ ಹೊಂದುವಂತೆ ತಿದ್ದಿಕೊಂಡು, ಹೊಸ ಪದ್ಧತಿಯನ್ನು ಊರಿಗೆ ಒಯ್ದರು. ಅಂದು ಅದು ಪರಸಂಗದ ವೇಷ. ಇಂದು ಅದನ್ನೇ ನಾವು "ಭಾರತೀಯ ನಾರಿಯ ಸನಾತನ ಉಡಿಗೆ" ಎಂದು ಪ್ರವಚನದಲ್ಲಿ ಕೊಂಡಾಡುವೆವು. ನಾನೂ ಕೊಂಡಾಡಿದ್ದೇನೆ.

ಗಜೇಂದ್ರಗಡದ ಭಕ್ತರು ಇಲ್ಲಿ ಬಹಳ ಜನರಿದ್ದೀರಿ. ಗುಡ್ಡದ ಬುಡದ ತಾಂಡಾಗಳ ಲಂಬಾಣಿ ಬಂಧುಗಳೂ ಈ ಮಠದ ಜಾತ್ರೆಗೆ ತಪ್ಪದೆ ಬರುವರು. ಅವರ ಹಿರಿಯರು ಎತ್ತುಗಳ ಮೇಲೆ ದವಸ ಉಪ್ಪು ಹೇರಿಕೊಂಡು ದೇಶ ತಿರುಗಿದವರು. 1880ರ ದಶಕದಲ್ಲಿ ಗದಗಿನಿಂದ ಹೊಟಗಿಯ ಕಡೆಗೆ ರೈಲು ಬಂದಿತು. ರೈಲು ರಸ್ತೆಗಳು ಬಂದ ಕಡೆಗೆಲ್ಲ ಎತ್ತಿನ ಹೇರು ನಿಂತಿತು. ತಿರುಗುವ ಜನ ನೆಲೆ ನಿಂತರು. ಆದರೂ ಅವರ ಹೆಣ್ಣುಮಕ್ಕಳ ಉಡಿಗೆ ಬಹಳ ಕಾಲ ಬದಲಾಗಲಿಲ್ಲ. ಕನ್ನಡಿ ಕವಡಿ ಹಚ್ಚಿ ಹೊಲಿದ ಫೇಟಿಯಾ, ಬೆನ್ನಿಗೆ ದಾರ ಕಟ್ಟುವ ಕಾಂಚಳಿ, ತಲೆಯ ಮೇಲೆ ಛಾಟಿಯಾ, ತೋಳ ತುಂಬ ಬಿಳಿಯ ಬಳೆ. ಇಂದು ಬಸ್ಸಿನ ನಿಲ್ದಾಣದಲ್ಲಿ ಒಂದೇ ಕುಟುಂಬದ ಮೂವರನ್ನು ನೋಡಿರಿ: ಅಜ್ಜಿಯ ಮೈಮೇಲೆ ಫೇಟಿಯಾ, ಸೊಸೆಯ ಮೈಮೇಲೆ ಸೀರೆ, ಮೊಮ್ಮಗಳ ಮೈಮೇಲೆ ಚೂಡಿದಾರ.

ಇದಕ್ಕೆ ಕಾರಣಗಳನ್ನು ತಾಂಡಾದ ಮುದುಕಿಯೊಬ್ಬಳನ್ನು ಕೇಳಿದ್ದೆನು. ಒಂದು ಫೇಟಿಯಾ ಸಿದ್ಧವಾಗಲಿಕ್ಕೆ ತಿಂಗಳುಗಟ್ಟಲೆ ಹೊಲಿಗೆ ಬೇಕು; ಕೂಲಿಗೆ ಹೋಗುವವಳಿಗೆ ಅಷ್ಟು ಪುರಸತ್ತು ಎಲ್ಲಿಂದ? ಭಾರ ಬಹಳ, ಒಗೆಯುವದು ಕಷ್ಟ. ಇವೆಲ್ಲ ಇದ್ದದ್ದೇ. ಕಡೆಗೆ ಆಕೆ ಹೇಳಿದ್ದು ಹೀಗೆ: "ದವಾಖಾನ್ಯಾಗ, ಸಾಲ್ಯಾಗ ನಮ್ಮನ್ನ ನೋಡಿದ ಕೂಡ್ಲೆ ಮಂದಿ ಸರದು ಕುಂದ್ರತಿದ್ರು. ಸೀರಿ ಉಟ್ಟ ಸೊಸಿ ಹೋದ್ರ ಹಂಗ ಸರಿಯೂದಿಲ್ಲ." ಸರಿದು ಕುಳಿತವರು ಯಾರು? ನಾವೇ, ಮಹನೀಯರೇ. ದಾಸೋಹದ ಪಂಕ್ತಿಯಲ್ಲಿಯೂ ಹಾಗೆ ಸರಿದು ಕುಳಿತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇತ್ತ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಸರಕಾರದ ಭೌಗೋಳಿಕ ಗುರುತು ದೊರೆಯಿತು. ಅದು ಚೀಲವಾಗಿ ಅಂಗಡಿಗಳಲ್ಲಿ ಮಾರುವದು. ಫೆಬ್ರುವರಿ 15ರ ಸೇವಾಲಾಲ ಜಯಂತಿಯ ದಿವಸ ತಾಂಡಾದ ಹುಡುಗಿಯರು ಅಜ್ಜಿಯ ಪೆಟ್ಟಿಗೆಯಿಂದ ಫೇಟಿಯಾ ತೆಗೆದು ತೊಟ್ಟು ಕುಣಿಯುವರು. ದಿನದ ಉಡಿಗೆಯು ಹಬ್ಬದ ಉಡಿಗೆಯಾಯಿತು.

ನಮ್ಮ ಇಳಕಲ್ಲ ಸೀರೆಗೂ ಇದೇ ಗತಿ ಬಂದಿರುವದನ್ನು ನಾವು ಗಮನಿಸಬೇಕು. ನಮ್ಮ ತಾಯಂದಿರು ಟೋಪತೆನಿಯ ಸೆರಗನ್ನು ಹೊದ್ದು ಸಗಣಿ ಬಳಿದರು, ಕಳೆ ತೆಗೆದರು, ಗುಳೇದಗುಡ್ಡದ ಖಣದ ಕುಬಸ ತೊಟ್ಟು ನೀರು ಹೊತ್ತರು. ಆಗ ಅದು ಬರಿಯ ಸೀರೆಯಾಗಿತ್ತು, "ಸಾಂಪ್ರದಾಯಿಕ ಉಡುಪು" ಆಗಿರಲಿಲ್ಲ. ಇಂದು ಹೊಲದ ಹೆಣ್ಣುಮಗಳು ಉಡುವದು ಯಂತ್ರದ ಪಾಲಿಸ್ಟರ್ ಸೀರೆ. ಬೆಲೆ ಕಡಿಮೆ, ಒಗೆದರೆ ಬೇಗ ಒಣಗುವದು, ಬಣ್ಣ ಹೋಗುವದಿಲ್ಲ. ಕೈಮಗ್ಗದ ಇಳಕಲ್ಲಿಗೆ ಕೂಲಿಯ ಎಷ್ಟೋ ದಿವಸಗಳ ಗಳಿಕೆ ಬೇಕು. ಗಜೇಂದ್ರಗಡದಲ್ಲಿಯೇ ನೇಯುತ್ತಿದ್ದ ಪಟ್ಟೇದ ಅಂಚಿನ ಸೀರೆಯ ಕಥೆಯು ಇನ್ನೂ ವಿಚಿತ್ರ. ಚೌಕಡಿಯ ಒಡಲು, ಅಗಲವಾದ ಬಣ್ಣದ ಅಂಚು, ದಪ್ಪ ನೂಲು. ಮದುವಣಗಿತ್ತಿಗೆ ಕೊಡುವದು, ಸವದತ್ತಿಯ ಎಲ್ಲಮ್ಮನಿಗೆ ಅರ್ಪಿಸುವದು ಇದ್ದೇ ಇತ್ತು. ಗಟ್ಟಿಮುಟ್ಟಾದ ದುಡಿಮೆಯ ಸೀರೆ. ಕಾಲಾಂತರದಿಂದ ಉಡುವವರಿಲ್ಲದೆ ಮಗ್ಗಗಳು ನಿಂತವು. ಈಚಿನ ವರ್ಷಗಳಲ್ಲಿ ಆಸ್ಥೆಯುಳ್ಳವರು ಹಳೆಯ ಮಾದರಿಯನ್ನು ಹುಡುಕಿ ತೆಗೆದು ಮತ್ತೆ ನೇಯಿಸಹತ್ತಿದ್ದಾರೆ. ಈಗ ಅದನ್ನು ಕೊಳ್ಳುವವರು ಬೆಂಗಳೂರು ಮುಂಬಯಿಗಳ ವಿದ್ಯಾವಂತ ಸ್ತ್ರೀಯರು. ಸಂತೋಷವೇ, ನೇಕಾರನ ಒಲೆ ಹೊತ್ತಿತು. ಆದರೆ ಹೀಗೊಂದು ದೃಶ್ಯವನ್ನು ತಾವು ಮನಸ್ಸಿಗೆ ತಂದುಕೊಳ್ಳಿರಿ: ಬೆಂಗಳೂರಿನ ಒಂದು ಮನೆಯ ಒಡತಿ ಗಜೇಂದ್ರಗಡದ ಸೀರೆಯನ್ನುಟ್ಟು ಕುಳಿತಿದ್ದಾಳೆ, ಆಕೆಯ ಮನೆಯ ಮೇಲಂತಸ್ತು ಕಟ್ಟಲಿಕ್ಕೆ ಗಜೇಂದ್ರಗಡದಿಂದ ಬಂದ ಹೆಣ್ಣುಮಗಳು ಪಾಲಿಸ್ಟರ್ ಸೀರೆಯ ಮೇಲೆ ಗಂಡನ ಅಂಗಿ ತೊಟ್ಟು ಇಟ್ಟಿಗೆ ಹೊರುತ್ತಿದ್ದಾಳೆ.

ಕಾವಿಯ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಿ ಮುಗಿಸುವೆನು. ಪೂಜ್ಯರ ಎದುರಿಗೆ ಹೆಚ್ಚು ಹೇಳುವದು ಉದ್ಧಟತನವಾದೀತು. 1909ರಲ್ಲಿ ಹಾನಗ​ಲ್ಲ ಶ್ರೀ ಕುಮಾರ ಸ್ವಾಮಿಗಳವರು ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅಲ್ಲಿಂದ ಎಷ್ಟೋ ವಟುಗಳು ಸ್ವಾಮಿಗಳಾಗಿ ನಾಡಿನ ಮಠಗಳಿಗೆ ಬಂದರು. ಕಾವಿಯನ್ನು ಉಟ್ಟ ದಿವಸ ಪೂರ್ವಾಶ್ರಮದ ತಾಯಿಯೂ ಮಗನಿಗೆ ಕೈಮುಗಿಯುವಳು. ಬಟ್ಟೆಯೊಂದು ಇಷ್ಟು ದೊಡ್ಡ ಗಡಿಯನ್ನು ದಾಟಿಸುವ ಪ್ರಸಂಗ ಬೇರೆ ಇಲ್ಲ. ಆದರೆ ಆ ಗಡಿಯನ್ನು ದಾಟಿಸುವದಕ್ಕೆ ಮೊದಲು ಗುರುವು ಶಿಷ್ಯನನ್ನು ವರ್ಷಾನುವರ್ಷ ಪಕ್ವಮಾಡುವನು. ಬಟ್ಟೆ ಕಡೆಗೆ ಬರುವದು. ನಾನು ಕರಪತ್ರದಲ್ಲಿ ಬಟ್ಟೆಯನ್ನು ಮೊದಲು ಬಾಗಿಲಿಗೆ ನಿಲ್ಲಿಸಿದೆನು.

ಈಗ ಸನ್ನಿಧಾನದಲ್ಲಿ ನನ್ನ ಅರಿಕೆ. ನಾಳಿನ ಮೆರವಣಿಗೆಯ ಕರಪತ್ರದೊಳಗಿನ ಆ ಒಂದು ವಾಕ್ಯವನ್ನು ರದ್ದುಮಾಡಿದ್ದೇವೆಂದು ಇದೇ ಧ್ವನಿವರ್ಧಕದಲ್ಲಿ ಸಾರಲಿಕ್ಕೆ ಅಪ್ಪಣೆಯಾಗಬೇಕು. ಇಳಕಲ್ಲ ಸೀರೆ ಇದ್ದವರು ಸಂತೋಷದಿಂದ ಉಟ್ಟು ಬರಲಿ. ಅದನ್ನು ನೋಡುವ ಆಶೆ ನನಗೆ ಈಗಲೂ ಇದೆ. ಇಲ್ಲದವರು ಎರವಲು ತರುವದು ಬೇಡ. ಸಾಲುಗಳು ಬಂದವರು ಬಂದ ಹಾಗೆ ನಿಲ್ಲಲಿ. ಪಾಠಶಾಲೆಯ ವಿದ್ಯಾರ್ಥಿಗಳು ಐದು ಗಂಟೆಗೆ ಎದ್ದು ಕುಂಭಗಳಿಗೆ ನೀರು ತುಂಬಿಡಬೇಕು. ನಿನ್ನೆಯ ಆ ತಾಯಿಯು ಮಂಟಪದ ಎಡಗಡೆ, ರೊಟ್ಟಿಯ ಬುಟ್ಟಿಗಳ ಹತ್ತಿರ ಕುಳಿತಿರುವದನ್ನು ನಾನು ಇಲ್ಲಿಂದಲೇ ಕಾಣುತ್ತಿದ್ದೇನೆ. ತಂಗೀ, ಮೊದಲನೆಯ ಕುಂಭವನ್ನು ನಿನ್ನ ಸಲುವಾಗಿ ತೆಗೆದಿರಿಸಲಿಕ್ಕೆ ಹೇಳುವೆನು. ಆರು ಗಂಟೆಗೆ ಮಹಾದ್ವಾರದ ಹತ್ತಿರ ಬಾ.